ದೊಡ್ಡ ಚಕ್ರ ಹಾಕಿಸುವ ಮುನ್ನ

ನಮಸ್ಕಾರ. ಕಾರಿನ 15 ಇಂಚಿನ ಚಕ್ರಗಳನ್ನು ತೆಗೆಸಿ 16 ಇಂಚಿನವನ್ನು ಹಾಕಿಸುವುದು ಸಾರ್ಥಕವೇ, ಹವ್ಯಾಸಿಗಳು ಇದಕ್ಕೇಕೆ ಇಷ್ಟು ಹಣ ಸುರಿಯುತ್ತಾರೆ ಎಂದು ಕೇಳಿದ್ದೀರಿ. ಎಲ್ಲರಿಗೂ ಹೊಂದಲೆಂದು ತಯಾರಾದ ಕಾರನ್ನು ತಾವು ಓಡಿಸುವ ರೀತಿಗೆ ಒಗ್ಗಿಸಿಕೊಳ್ಳುವ ಆಸೆಯೇ ಇದರ ಮೂಲ. ಆ ಸಂತೋಷವನ್ನು ಮರುಮಾರಾಟದ ಬೆಲೆಯಲ್ಲಿ ಅಳೆಯಲು ಹೊರಟರೆ ಸಾಮಾನ್ಯವಾಗಿ ನಷ್ಟವೇ. 195/65 ಆರ್15 (195 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಆ ಅಗಲದ ಶೇ. 65, ಚಕ್ರ 15 ಇಂಚು) ಟೈರಿನ ಬದಲು 205/55 ಆರ್16 ಹಾಕಿದರೆ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿದು ಸ್ಪೀಡೋಮೀಟರ್ ಲೆಕ್ಕ ಕೆಡುವುದಿಲ್ಲ. ಆದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಸುಮಾರು 127 ಮಿಲಿಮೀಟರಿನಿಂದ 113ಕ್ಕೆ ಇಳಿಯುವುದರಿಂದ ತಿರುವಿನಲ್ಲಿ ಸ್ಟೇರಿಂಗ್ ಚುರುಕಾಗುತ್ತದೆ, ಗುಂಡಿಯ ಪೆಟ್ಟು ಮಾತ್ರ ನೇರವಾಗಿ ಬೆನ್ನಿಗೆ ತಾಗುತ್ತದೆ. ಹಾಗಾಗಿ ಮೊದಲು ಈಗಿನ ಅಳತೆಯಲ್ಲೇ ಉತ್ತಮ ದರ್ಜೆಯ ಟೈರ್ ಹಾಕಿಸಿ, ಒಂದಷ್ಟು ದಿನ ಓಡಿಸಿ ನೋಡಿ. ಚಕ್ರ ಬದಲಿಸಿದರೆ ವಿಮಾ ಕಂಪನಿಗೆ ತಪ್ಪದೆ ತಿಳಿಸಿ.