ವ್ಯಾನ್ ಸೋರುತ್ತಿಲ್ಲ, ಅದು ನಿಮ್ಮದೇ ಉಸಿರು

ಸಣ್ಣ ವ್ಯಾನನ್ನು ಮಲಗುವ ಗಾಡಿ ಮಾಡಿಕೊಳ್ಳುವವರು ನನಗೆ ಬರೆಯುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಳೇ ಪ್ರಶ್ನೆಗಳೇ. ಹಾಸಿಗೆ ಎಷ್ಟು ಉದ್ದ ಇರಬೇಕು ಅಂತ ನಾನು ಹೇಳುವುದಿಲ್ಲ. ನಿಮ್ಮ ಎತ್ತರ ನಿಮಗೇ ಗೊತ್ತಿರುತ್ತದೆ. ಈ ಸಲ ನನ್ನ ತಾಳ್ಮೆ ಕೆಡಿಸಿದ ಕೆಲವನ್ನು ಮಾತ್ರ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹಾಸಿಗೆ, ಕಪಾಟು ಎಲ್ಲ ಆಗಿದೆ. ಆದರೆ ಬೆಳಗ್ಗೆ ಎದ್ದರೆ ಗಾಜು, ತಗಡು ಎಲ್ಲ ಒದ್ದೆ. ಚಾವಣಿಯಿಂದ ಹನಿ ಬೀಳುತ್ತದೆ. ಸೀಲಂಟ್ ಹಾಕಿಸಿದರೂ ನಿಂತಿಲ್ಲ. ಯಾವ ಇನ್ಸುಲೇಶನ್ ಹಾಕಿದರೆ ನಿಲ್ಲುತ್ತದೆ?

ಯಾವುದು ಹಾಕಿದರೂ ನಿಲ್ಲುವುದಿಲ್ಲ. ಮಳೆ ಇಲ್ಲದ ರಾತ್ರಿಯೂ ಹನಿ ಬೀಳುತ್ತಿದ್ದರೆ ವ್ಯಾನ್ ಸೋರುತ್ತಿಲ್ಲ. ನೀವು ರಾತ್ರಿಯಿಡೀ ಉಸಿರು ಬಿಟ್ಟಿದ್ದೀರಿ, ಬೆವರಿದ್ದೀರಿ, ಅಷ್ಟೇ. ಐಸ್ ನೀರಿನ ಲೋಟದ ಹೊರಗೆ ಹನಿ ಕೂರುತ್ತದೆ ಅಲ್ವಾ? ಲೋಟ ತೂತಾಗಿದೆ ಅಂತ ಯಾರೂ ಬೆಸುಗೆ ಹಾಕಿಸುವುದಿಲ್ಲ.

ಒಳಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 60 ಅಂದುಕೊಳ್ಳಿ. ಆ ಗಾಳಿಗೆ 12 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ತಗಡು ಸಿಕ್ಕರೆ ಸಾಕು, ಅಲ್ಲೇ ನೀರು ಕಟ್ಟುತ್ತದೆ. ಮೋಡವಿಲ್ಲದ ರಾತ್ರಿ ಬಯಲಲ್ಲಿ ನಿಂತ ವ್ಯಾನಿನ ಚಾವಣಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರ ಬಿಸಿಯೆಲ್ಲ ಆಕಾಶಕ್ಕೆ ಹೋಗಿರುತ್ತದೆ. ಅದಕ್ಕೇ ಮೊದಲ ಹನಿ ಬೀಳುವುದು ನಿಮ್ಮ ಹಣೆಯ ಮೇಲೆ.

ಇದರ ಜತೆಗೆ ಒಳಗೇ ಅಡುಗೆ ಬೇರೆ. 1 ಕಿಲೋ ಅಡುಗೆ ಗ್ಯಾಸ್ ಪೂರ್ತಿ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಬೆಂಕಿಯಿಂದ ನೀರಾ ಅಂತ ನಗುತ್ತಾರೆ. ಹೌದು, ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜತೆ ಸೇರಿದರೆ ನೀರೇ ಆಗುವುದು. ಒದ್ದೆ ಒಣಗಲಿ ಅಂತ ಸ್ಟೌ ಹಚ್ಚುವ ಮಹಾನುಭಾವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ.

ಇನ್ಸುಲೇಶನ್ ಈ ಆವಿಯನ್ನು ಎಲ್ಲಿಗೂ ಕಳಿಸುವುದಿಲ್ಲ. ಗಾಳಿ ಮುಟ್ಟುವ ಗೋಡೆಯನ್ನು ಸ್ವಲ್ಪ ಬೆಚ್ಚಗಿಡುತ್ತದೆ, ಅದರ ಕೆಲಸ ಅಷ್ಟೇ. ಆವಿ ಹೊರಗೆ ಹೋಗಬೇಕು ಅಂದರೆ ಎರಡು ದಾರಿ ಬೇಕು, ಗಾಳಿ ಬರಲು ಕೆಳಗೊಂದು, ಹೋಗಲು ಮೇಲೊಂದು. ಚಾವಣಿ ಫ್ಯಾನ್ ಗಾಳಿಯನ್ನು ಹೊರಕ್ಕೆ ಎಳೆಯುತ್ತಾ ನಿಧಾನವಾಗಿ ತಿರುಗಲಿ. ಎದುರು ಮೂಲೆಯ ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಹಿಂದೆ ಕಿಟಕಿಯೇ ಇಲ್ಲದ ಸರಕಿನ ವ್ಯಾನಾದರೆ ಮುಂದಿನ ಬಾಗಿಲಿಗೆ ಮಳೆ ತಡೆಯುವ ವೈಸರ್ ಹಾಕಿಸಿ, ಗಾಜು ಸ್ವಲ್ಪ ಇಳಿಸಿ ಮಲಗಿ. ಚಳಿಯಾಗುತ್ತೆ ಅಂತೀರಿ. ಆಗುತ್ತೆ. ಇನ್ನೊಂದು ಕಂಬಳಿ ಹೊದೆಯಿರಿ.

ಇಷ್ಟಾದ ಮೇಲೆ ಬೇಕಾದರೆ ಇನ್ಸುಲೇಶನ್ ಮಾತಾಡೋಣ. ನಾನು ಹಾಕುವುದು ಎಸಿ ಪೈಪಿಗೆ ಸುತ್ತುವಂಥ ಕಪ್ಪು ರಬ್ಬರ್ ಫೋಮಿನ ಹಾಳೆ. ಅದು ನೀರು ಕುಡಿಯುವುದಿಲ್ಲ. ತಗಡಿಗೆ ಪೂರ್ತಿ ಅಂಟಬೇಕು, ನಡುವೆ ಗಾಳಿ ಉಳಿಯಬಾರದು. ಉಳಿದರೆ ಆವಿ ಅಲ್ಲಿಗೂ ನುಗ್ಗಿ, ನಿಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ ನೀರಾಗುತ್ತದೆ. ತಗಡಿಗೆ ಒಳಗಿನಿಂದ ಆಸರೆ ಕೊಡುವ, ಹಲಗೆಯ ಸ್ಕ್ರೂ ಕೂರುವ ಲೋಹದ ಪಕ್ಕೆಲುಬುಗಳನ್ನೂ ಬಿಡದೆ ಮುಚ್ಚಿ. ಅವನ್ನು ಬಿಟ್ಟವರ ವ್ಯಾನಿನಲ್ಲಿ ಹಲಗೆಯ ಮೇಲಿನ ಒಂದೊಂದು ಸ್ಕ್ರೂ ತಲೆಯ ಮೇಲೂ ಒಂದೊಂದು ಹನಿ ಕೂತಿದ್ದನ್ನು ನೋಡಿದ್ದೇನೆ. ಸಾಲು ದೀಪ ಹಚ್ಚಿಟ್ಟ ಹಾಗಿತ್ತು.

ಬೆಳ್ಳಿ ಬಣ್ಣದ ಗುಳ್ಳೆ ಹಾಳೆಯನ್ನು ರಾಕೆಟ್‌ನಲ್ಲಿ ಬಳಸುವ ವಸ್ತು ಅಂತ ಮಾರುವವರಿದ್ದಾರೆ. ಹೊಳಪು ಕೆಲಸ ಮಾಡಬೇಕಾದರೆ ಅದರ ಎದುರಿಗೆ ಖಾಲಿ ಜಾಗ ಬೇಕು. ತಗಡಿಗೂ ಹಲಗೆಗೂ ನಡುವೆ ಒತ್ತಿ ಕೂರಿಸಿದರೆ ಅದು ಸುಮ್ನೆ ತೆಳ್ಳನೆಯ ಪ್ಲಾಸ್ಟಿಕ್. ಅದನ್ನೇ ಅಳತೆಗೆ ಕತ್ತರಿಸಿ ಕಿಟಕಿ ಗಾಜಿಗೆ ಪರದೆ ಮಾಡಿ, ಚೆನ್ನಾಗಿ ದುಡಿಯುತ್ತದೆ. ಇನ್ನು ಸಿಲಿಕಾ ಜೆಲ್ ಪೊಟ್ಟಣ ಶೂ ಡಬ್ಬಿಗೆ ಸರಿ.

ಕೊನೆಗೆ, ಡಬ್ಬಿಯಿಂದ ಊದುವ ಫೋಮ್. ಇದರ ಬಗ್ಗೆ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಿ. ಮೊದಲ ವ್ಯಾನಿನಲ್ಲಿ ನಾನೇ ಈ ಕೆಲಸ ಮಾಡಿದ್ದೆ. ಬಾಗಿಲ ಟೊಳ್ಳು, ಕಂಬದ ಟೊಳ್ಳು, ಸಿಕ್ಕ ಸಂದಿಗೆಲ್ಲ ತುಂಬಿದೆ. ಬಾಗಿಲ ಕೆಳಗಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಒಳಗಿಳಿದ ಮಳೆ ನೀರು ಹರಿದು ಹೋಗುವುದು ಅಲ್ಲಿಂದ. ಅವೂ ಮುಚ್ಚಿಹೋದವು. ಮೂರನೇ ವರ್ಷ ಬಣ್ಣದ ಅಡಿಯಲ್ಲಿ ಗುಳ್ಳೆ ಎದ್ದಿತು. ಒತ್ತಿ ನೋಡಿದೆ, ಬೆರಳು ಒಳಗೇ ಹೋಯಿತು. ಫೋಮ್ ಕಿತ್ತು ಹಿಂಡಿದರೆ ತುಕ್ಕು ನೀರು. ಹೊರಗೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅದು ನನ್ನ ವ್ಯಾನೇ. ಬಾಗಿಲು ಬದಲಿಸಿದ ಮೆಕ್ಯಾನಿಕ್ ಏನೂ ಹೇಳಲಿಲ್ಲ, ನಕ್ಕ. ಆ ನಗು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಟೊಳ್ಳುಗಳ ಒಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿ ಖಾಲಿ ಬಿಡಿ.

ಪ್ರಶ್ನೆ: ಒಂದು ಕಿಟಕಿ ಸ್ವಲ್ಪ ತೆರೆದಿಟ್ಟು, ಒಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಬಹುದಾ?

ಬೇಡ. ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನಿಮ್ಮನ್ನು ಕೆಮ್ಮಿಸಿ ಎಬ್ಬಿಸುವುದಿಲ್ಲ. ನಿದ್ದೆಯಲ್ಲೇ ಮುಗಿಸುತ್ತದೆ. ನಿಮ್ಮ ಗೆಳೆಯರು ಹತ್ತು ಸಲ ಮಲಗಿ ಎದ್ದಿರಬಹುದು, ಅದು ಅವರ ಅದೃಷ್ಟ. ಗ್ಯಾಸ್ ಸ್ಟೌಗೂ ಇದೇ ಮಾತು. ಹೀಟರ್ ಬೇಕೇ ಬೇಕು ಅಂದರೆ ಉರಿಯುವ ಗೂಡು ಪೂರ್ತಿ ಮುಚ್ಚಿರುವ, ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಹೀಟರ್ ಹಾಕಿಸಿ. ಜತೆಗೆ ಮಾನಾಕ್ಸೈಡ್ ಅಲಾರಂ. ಅಲಾರಂ ಇದೆಯಲ್ಲ ಅಂತ ಮತ್ತೆ ಕೆಂಡದ ಮಾತು ತೆಗೆಯಬೇಡಿ.

ಪ್ರಶ್ನೆ: ಫ್ರಿಡ್ಜನ್ನು ಗಾಡಿಯ ಬ್ಯಾಟರಿಗೇ ಜೋಡಿಸಿದರೆ ಏನು ತೊಂದರೆ?

ಬೆಳಗ್ಗೆ ತಳ್ಳಲು ನಾಲ್ಕು ಜನ ಇದ್ದರೆ ಏನೂ ತೊಂದರೆಯಿಲ್ಲ. ಗಾಡಿಯ ಬ್ಯಾಟರಿ ಇರುವುದು ಕೆಲವು ಕ್ಷಣ ಜೋರಾಗಿ ಕರೆಂಟ್ ಕೊಟ್ಟು ಎಂಜಿನ್ ಎಬ್ಬಿಸಲು. ಪದೇ ಪದೇ ತಳ ಕಾಣಿಸಿದರೆ ಬೇಗ ಸಾಯುತ್ತದೆ. ಬೇರೆ ಬ್ಯಾಟರಿ ಇಡಿ. ಫ್ಯೂಸನ್ನು ಅದರ ಪಾಸಿಟಿವ್ ತುದಿಗೆ ಹತ್ತಿರವೇ ಹಾಕಿ, ಫ್ರಿಡ್ಜಿನ ಪಕ್ಕದಲ್ಲಲ್ಲ. ಆ ಫ್ಯೂಸ್ ಕಾಯಬೇಕಾದ್ದು ತಂತಿಯನ್ನು. ತಂತಿಯಲ್ಲಿ ಜಿಪುಣತನ ಬೇಡ. 12 ವೋಲ್ಟಿನ ಫ್ರಿಡ್ಜ್ 5 ಆಂಪಿಯರ್ ಎಳೆಯುತ್ತದೆ, 5 ಮೀಟರ್ ದೂರದಲ್ಲಿದೆ ಅಂದರೆ 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಹೋಗಿ ಬರುವಷ್ಟರಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಬರೀ 0.2. ನಿಮ್ಮ ಫ್ರಿಡ್ಜ್ ನಡುರಾತ್ರಿ ತಾನಾಗೇ ನಿಲ್ಲುತ್ತಿದ್ದರೆ ಕಂಪನಿಗೆ ಬೈಯುವ ಮೊದಲು ತಂತಿ ನೋಡಿ.

ಪ್ರಶ್ನೆ: ಚಾವಣಿಗೆ ಸೋಲಾರ್ ಹಾಕಿ ಮನೆಯ ಎಸಿ ಓಡಿಸಬಹುದಾ?

ಚಾವಣಿ ಅಳೆಯಿರಿ, ಎಸಿಯ ಲೇಬಲ್ ಓದಿ, ಆಮೇಲೆ ನೀವೇ ನನಗೆ ಹೇಳಿ.

ಪ್ರಶ್ನೆ: ಗಾಡಿ ಓಡುವಾಗ ಮಕ್ಕಳು ಹಿಂದಿನ ಹಾಸಿಗೆಯ ಮೇಲೆ ಕೂರಬಹುದಾ?

ಕೂರಬಾರದು. ಮಲಗಲೂಬಾರದು.

ಪ್ರಶ್ನೆ: ಪೂರ್ತಿ 18 ಮಿಲಿಮೀಟರ್ ಪ್ಲೈವುಡ್‌ನಲ್ಲೇ ಮಾಡಿಸುತ್ತಿದ್ದೇನೆ, ಗಟ್ಟಿ ಬರುತ್ತದಲ್ಲ?

ಮೂಗಿಗಿಂತ ಮೂಗುತಿ ಭಾರ. ಇಂಥ 8x4 ಅಡಿಯ ಒಂದು ಹಾಳೆ 30 ಕಿಲೋ ಆಸುಪಾಸು ತೂಗುತ್ತದೆ, 50 ಲೀಟರ್ ನೀರು ಅಂದರೆ ಇನ್ನೊಂದು 50 ಕಿಲೋ. ಎಲ್ಲ ತುಂಬಿ, ಜನರೂ ಕೂತು, ಒಂದು ಸಲ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ.

ಪ್ರಶ್ನೆ: ನಾನು ಈಗಾಗಲೇ ಬಾಗಿಲಿಗೆಲ್ಲ ಫೋಮ್ ತುಂಬಿಬಿಟ್ಟಿದ್ದೇನೆ. ಈಗೇನು ಮಾಡಲಿ?

ಪಾಪ. ಮೊದಲು ಬಾಗಿಲ ಕೆಳಗಂಚಿನ ತೂತುಗಳನ್ನು ಹುಡುಕಿ, ಕೇಬಲ್ ಟೈ ತುದಿಯಿಂದ ಮೆಲ್ಲಗೆ ಬಿಡಿಸಿ. ಕಬ್ಬಿಣದ ತಂತಿ ತೂರಿಸಬೇಡಿ, ಬಣ್ಣ ಕೆರೆದುಹೋದ ಕಡೆಯೇ ತುಕ್ಕು ಶುರುವಾಗುತ್ತದೆ. ಆಮೇಲೆ ಗಾಜಿನ ಹೊರಸಂದಿಗೆ ಒಂದು ಲೋಟ ನೀರು ಸುರಿದು, ಕೆಳಗೆ ಕೂತು ನೋಡಿ. ಸುರಿದಷ್ಟೂ ಹರಿದು ಬಂದರೆ ನೀವು ಬಚಾವ್. ಬರದಿದ್ದರೆ ಒಳಗಿನ ಹಲಗೆ ಬಿಚ್ಚಿ ಫೋಮ್ ಕೀಳುವ ಕೆಲಸ ಈ ವಾರವೇ ಆಗಲಿ, ಮಳೆಗಾಲ ಕಳೆಯಲಿ ಅಂತ ಕಾಯಬೇಡಿ.