ಮುಗಿಸಿ ತಂದದ್ದನ್ನು ಮೇಷ್ಟ್ರಿಗೇ ಹೇಳಿ

ಪ್ರಶ್ನೆ: ಎಂಟರಿಂದ ಹತ್ತನೇ ತರಗತಿವರೆಗೆ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರ ಜೊತೆಯಲ್ಲೇ, ಅದೇ ಹೈಸ್ಕೂಲಿನಲ್ಲಿ, 11 ವರ್ಷ ಕೆಲಸ ಮಾಡಿದೆ. ಹೋದ ತಿಂಗಳು ಅವರು ತೀರಿಕೊಂಡರು. ನುಡಿನಮನದಲ್ಲಿ ಮಾತಾಡಬೇಕು, ಸ್ಮರಣ ಸಂಚಿಕೆಗೂ ಎರಡು ಪುಟ ಬರೆದುಕೊಡಬೇಕು. ಕೂತರೆ ‘ತುಂಬಲಾರದ ನಷ್ಟ’, ‘ಸರಳ ಸಜ್ಜನಿಕೆಯ ಮೂರ್ತಿ’ ಇಷ್ಟೇ ಬರುತ್ತದೆ. ಕೈವಾರವಿಲ್ಲದೆ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದ ಅವರ ತೋಳು ಕಣ್ಣಿಗೆ ಕಟ್ಟಿದೆ, ಆದರೆ ಅದರ ಬಗ್ಗೆ ಏನು ಬರೆಯುವುದು? ಗುರುಗಳು ಎನ್ನಲೋ, ಸಹೋದ್ಯೋಗಿ ಎನ್ನಲೋ? ಒಮ್ಮೆ ಸ್ಟಾಫ್ ರೂಮಿನಲ್ಲಿ ಅವರೊಂದಿಗೆ ಜೋರಾಗಿ ವಾದ ಮಾಡಿದ್ದೆ. ಅದನ್ನು ಬರೆಯಬಹುದೇ?
– ಒಬ್ಬ ಶಿಕ್ಷಕಿ, ಹಿರಿಯೂರು ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಉತ್ತರಕ್ಕೆಂದು ಪೆನ್ನು ಹಿಡಿದಾಗಲೆಲ್ಲ ನಮ್ಮ ಮೇಷ್ಟ್ರೇ ಎದುರಿಗೆ ಬಂದು ಕೂರುತ್ತಿದ್ದರು.

ನನಗೆ ಕನ್ನಡ ಕಲಿಸಿದವರು ಚಳ್ಳಕೆರೆ ಕಡೆಯವರು. ಅವರಿದ್ದ ಶಾಲೆಗೇ ಮುಂದೆ ನಾನೂ ಕನ್ನಡ ಮೇಷ್ಟ್ರಾಗಿ ಹೋದೆ. ಮೊದಲ ದಿನ ಪಕ್ಕದ ಕುರ್ಚಿ ಎಳೆದು ‘ಕೂತ್ಕಳಪ್ಪ’ ಅಂದರು. ಬೆಲ್ ಹೊಡೆಯುವವರೆಗೂ ನಾನು ಗೋಡೆ ಪಕ್ಕ ನಿಂತೇ ಇದ್ದೆ. ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಕೆಳಗೆ ನನ್ನ ಸಹಿ ಹಾಕುವಾಗ ಕೈ ನಡುಗಿತ್ತು.

ಅವರು ಹೋದಾಗ ಸಭೆಯಲ್ಲಿ ನಾನೂ ಮಾತಾಡಿದೆ. ಹುಟ್ಟಿದ ಊರು, ಸೇವೆಗೆ ಸೇರಿದ ವರ್ಷ, ಬಂದ ಸನ್ಮಾನ, ಕೊನೆಗೆ ನೀವು ಹೇಳಿದ ಅದೇ ‘ತುಂಬಲಾರದ ನಷ್ಟ’. ಸಭೆ ಮುಗಿದ ಮೇಲೆ ಅವರ ಮನೆಯವರು ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ‘ನೀನೂ ಎಲ್ರಂಗೇ ಮಾತಾಡ್ಬಿಟ್ಯಲ್ಲಪ್ಪ’ ಅಂದರು. ಹತ್ತೊಂಬತ್ತು ವರ್ಷವಾಯಿತು. ಆ ಮಾತು ಇನ್ನೂ ಎದೆಯಲ್ಲಿದೆ.

ಅವತ್ತು ಹೇಳಬೇಕಿದ್ದದ್ದು ಒಂದು ಪೆನ್ಸಿಲಿನ ವಿಷಯ. ಪ್ರಬಂಧ ತಿದ್ದುವಾಗ ನಮ್ಮ ಮೇಷ್ಟ್ರು ಕೆಂಪು ಇಂಕು ಮುಟ್ಟುತ್ತಿರಲಿಲ್ಲ. ತಪ್ಪಿದ್ದ ಸಾಲಿನ ಎದುರು, ಹಾಳೆಯ ಅಂಚಿನಲ್ಲಿ, ರಾಗಿ ಕಾಳಿನಷ್ಟು ಒಂದು ಚುಕ್ಕೆ ಇಡುತ್ತಿದ್ದರು. ತಪ್ಪು ಯಾವುದೆಂದು ಹೇಳುತ್ತಿರಲಿಲ್ಲ. ನಾವೇ ಹುಡುಕಿ, ಸರಿಮಾಡಿ, ಮೇಜಿನ ಹತ್ತಿರ ಹೋದರೆ ರಬ್ಬರಿನಿಂದ ಚುಕ್ಕೆ ಅಳಿಸಿ, ಪುಡಿ ಊದಿ, ಪುಸ್ತಕ ಕೈಗಿಡುತ್ತಿದ್ದರು. ವರ್ಷದ ಕೊನೆಗೆ ನನ್ನ ಪುಸ್ತಕದಲ್ಲಿ ತಪ್ಪಿನ ಗುರುತು ಒಂದೂ ಉಳಿದಿರಲಿಲ್ಲ. ಅವರು ಎಂಥವರೆಂದು ತಿಳಿಸಲು ಇದೊಂದು ಸಾಕಿತ್ತು.

ನಿಮ್ಮ ಗುರು–ಸಹೋದ್ಯೋಗಿ ಪ್ರಶ್ನೆಗೆ ಉತ್ತರವೂ ಅವರಿಂದಲೇ ಬಂದದ್ದು. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆಯಲ್ಲಿ ಹೋದರೆ ತಳುಕು ಸಿಗುತ್ತದೆ. ಬಸ್ಸು ಅಲ್ಲಿಗೆ ಬಂದಾಗಲೆಲ್ಲ ಅವರು ನನ್ನ ಭುಜ ಮುಟ್ಟಿ, ‘ವೆಂಕಣ್ಣಯ್ಯನೋರ ಊರು’ ಅನ್ನುತ್ತಿದ್ದರು. ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕುವೆಂಪು ಅವರಿಗೆ ಪಾಠ ಹೇಳಿದವರು. 1929ರಲ್ಲಿ ಎಂ.ಎ. ಮುಗಿಸಿ ಕುವೆಂಪು ಅದೇ ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಬಂದರು. ಮೇಷ್ಟ್ರೂ ಶಿಷ್ಯರೂ ಒಂದೇ ವಿಭಾಗದವರಾದರು. ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಶುರುಮಾಡಿದ್ದು 1936ರಲ್ಲಿ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಕಾವ್ಯ ಮುಗಿದದ್ದು 1946ರಲ್ಲಿ, ಮೇಷ್ಟ್ರು ಹೋಗಿ ಏಳು ವರ್ಷದ ಮೇಲೆ. 22,000 ಸಾಲು ಮೀರಿದ ಆ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಅವರಿಗೇ. ಅರ್ಪಣೆಯ ಪದ್ಯದಲ್ಲಿ ನಷ್ಟದ ಮಾತಿನಿಂದ ಶುರುಮಾಡುವುದಿಲ್ಲ. ಎದುರಿಗೇ ಕೂತಿದ್ದಾರೆ ಎಂಬಂತೆ ಗುರುವನ್ನು ಕರೆದು, ಇದೋ ಮುಗಿಸಿ ತಂದಿದ್ದೇನೆ ಅನ್ನುತ್ತಾರೆ. ಶಾಲೆಯ ಹುಡುಗ ಲೆಕ್ಕ ಮಾಡಿದ ಸ್ಲೇಟು ಹಿಡಿದು ಮೇಜಿನ ಹತ್ತಿರ ಬಂದ ಹಾಗೆ ನನಗೆ ಕಾಣುತ್ತದೆ. ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಹಾಗಾಗಿ ಸಹೋದ್ಯೋಗಿ ಎಂಬ ಮಾತು ಸೇವಾ ಪುಸ್ತಕಕ್ಕಿರಲಿ. ವರಾಂಡದಲ್ಲಿ ಅವರನ್ನು ಹೇಗೆ ಕೂಗುತ್ತಿದ್ದಿರೋ ಹಾಗೇ ಬರೆಯಿರಿ. ‘ಸಾರ್’ ಎಂದಿದ್ದರೆ ‘ನಮ್ಮ ಸಾರ್’ ಎಂದೇ ಇರಲಿ.

ವಾದ ಮಾಡಿದ್ದನ್ನು ಖಂಡಿತ ಬರೆಯಿರಿ. ನಾನೂ ಮಾಡಿದ್ದೆ. ಮಕ್ಕಳಿಗೆ ಷಟ್ಪದಿಯ ಮಾತ್ರೆ ಲೆಕ್ಕ ಮೊದಲೋ, ಓದಿಸುವುದು ಮೊದಲೋ ಎಂದು. ಲೆಕ್ಕವೇ ಮೊದಲು ಎಂದು ನಾನು ದನಿ ಎತ್ತಿದೆ. ಅವರು ಕಣ್ಣು ಮುಚ್ಚಿ, ಮೇಜು ತಟ್ಟುತ್ತಾ ಕುಮಾರವ್ಯಾಸನ ಒಂದು ಪದ್ಯ ಹೇಳಿದರು: ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡೆ ಬೆರಳಲ್ಲೇ ಬಂದುಬಿಟ್ಟಿತು. ನೀವು ಹೇಳಿದ್ದೇ ಸರಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಾರನೇ ದಿನ ನನ್ನ ತರಗತಿಯಲ್ಲಿ ಮೇಜು ತಟ್ಟಿದೆ, ನಲವತ್ತು ಮಕ್ಕಳೂ ಡೆಸ್ಕು ತಟ್ಟಿದರು. ಪಕ್ಕದ ಕೊಠಡಿಯಲ್ಲಿದ್ದ ಅವರಿಗೆ ಕೇಳಿಸಿರುತ್ತದೆ. ಆಮೇಲಾದರೂ ಬಾಯಿಬಿಟ್ಟು ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ನಿಮ್ಮದೂ ಅಂಥದ್ದೇನಾದರೂ ಬಾಕಿಯಿದ್ದರೆ ಆ ಎರಡು ಪುಟದಲ್ಲಿ ಹೇಳಿಬಿಡಿ.

ಆ ವೃತ್ತದ ಬಗ್ಗೆ ಏನು ಬರೆಯುವುದು ಎಂದು ಕೇಳಿದ್ದೀರಿ. ತಾಯಿ, ನಿಮ್ಮ ಬರಹ ಅಲ್ಲಿಂದಲೇ ಶುರುವಾಗಲಿ. ತೋಳು ಎಲ್ಲಿಂದ ಎದ್ದು ಎಲ್ಲಿಗೆ ಬಂದು ನಿಲ್ಲುತ್ತಿತ್ತು, ಸೀಮೆಸುಣ್ಣ ಕಿರುಗುಟ್ಟುತ್ತಿತ್ತೇ, ಗೆರೆಯ ಎರಡು ತುದಿ ಕೂಡಿದಾಗ ತರಗತಿ ಏನು ಮಾಡುತ್ತಿತ್ತು, ಎಲ್ಲ ಬರೆಯಿರಿ. ನಿಮಗೆ ಈಗ ಹಾಗೆ ಎಳೆಯಲು ಬರುತ್ತದೆಯೇ? ಬರುವುದಾದರೆ ಅದನ್ನು ಸಭೆಗಲ್ಲ, ನಿಮ್ಮ ಸಾರಿಗೇ ಹೇಳಿ.

ಬರೆದದ್ದನ್ನು ನುಡಿನಮನದ ಹಿಂದಿನ ದಿನ ಅವರ ಮನೆಗೆ ಒಯ್ದು, ಮನೆಯವರ ಮುಂದೆ ಒಮ್ಮೆ ಓದಿ. ಎಲ್ಲಿ ಅವರು ತಲೆಯೆತ್ತಿ ನಿಮ್ಮನ್ನು ನೋಡುತ್ತಾರೋ, ವೇದಿಕೆಯಲ್ಲಿ ಆ ಭಾಗವನ್ನಷ್ಟೇ ಹೇಳಿ. ಐದು ನಿಮಿಷ ಸಾಕು. ಸಂಚಿಕೆ ಅಚ್ಚಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ.