ಅಯೋಡಿನ್ ಅಣುವಿಗೆ ಹೀಲಿಯಂ ಡಿಕ್ಕಿ ಹೊಡೆದಾಗ

ಪ್ರಶ್ನೆ: ಅಯೋಡಿನ್ ಆವಿಯ ಮೇಲೆ 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್ ಹಾಯಿಸಿದರೆ ಪ್ರತಿದೀಪ್ತಿಯ (ಹೀರಿದ ಬೆಳಕನ್ನು ಅಣು ಮತ್ತೆ ಸೂಸುವುದು) ರೋಹಿತದಲ್ಲಿ ಜೋಡಿ ಗೆರೆಗಳು ಕಾಣುತ್ತವೆ. ಆವಿಯಿರುವ ಕೋಶದೊಳಕ್ಕೆ ಸ್ವಲ್ಪ ಹೀಲಿಯಂ ಬಿಟ್ಟರೆ ಪಕ್ಕದಲ್ಲೇ ಹೊಸ ಸಣ್ಣ ಗೆರೆಗಳು ಏಳುತ್ತವೆ. ಏಕೆ?

ಉತ್ತರ: ಲೇಸರ್ ಇಲ್ಲಿ ಮುಖ್ಯವಾಗಿ ಆರ್(127) ಗೆರೆಯ (ಭ್ರಮಣ ಸಂಖ್ಯೆ 127ರಿಂದ ಒಂದು ಹೆಚ್ಚುವ ಹೀರಿಕೆ) ಮೂಲಕ ಅಣುವನ್ನು ಬಿ ಎಂಬ ಉದ್ರಿಕ್ತ, ಅಂದರೆ ಹೆಚ್ಚು ಶಕ್ತಿಯ, ಸ್ಥಿತಿಯ ಒಂದೇ ಮಟ್ಟಕ್ಕೆ ಏರಿಸುತ್ತದೆ: ಕಂಪನ ಸಂಖ್ಯೆ 11, ಭ್ರಮಣ ಸಂಖ್ಯೆ ಜೆ (ಅಣು ಎಷ್ಟು ಜೋರಾಗಿ ತಿರುಗುತ್ತದೆಂಬುದರ ಅಳತೆ) 128. ಬೆಳಕು ಬಿಟ್ಟು ಇಳಿಯುವಾಗ ಜೆ 127 ಆಗಬೇಕು, ಇಲ್ಲವೇ 129. ಅದಕ್ಕೇ ಜೋಡಿ. 641 ನ್ಯಾನೋಮೀಟರ್ ಬಳಿ ಇವುಗಳ ಅಂತರ ಸುಮಾರು 0.8 ನ್ಯಾನೋಮೀಟರ್.

ಉದ್ರಿಕ್ತ ಅಣುವಿನ ಆಯುಸ್ಸು ಮೈಕ್ರೋಸೆಕೆಂಡಿನ ಆಸುಪಾಸು. ಅಷ್ಟರೊಳಗೆ ಹೀಲಿಯಂ ಪರಮಾಣು ಅದರ ತುದಿಗೆ ಬಡಿದರೆ ತಿರುಗುವ ವೇಗ ಹೆಚ್ಚುತ್ತದೆ, ಇಲ್ಲವೇ ತಗ್ಗುತ್ತದೆ. 128ರಿಂದ 130ಕ್ಕೆ ಹೋಗಲು ಬೇಕಾದದ್ದು ಸುಮಾರು 14 ಸೆಂ.ಮೀ.⁻¹ (ರೋಹಿತಶಾಸ್ತ್ರದ ಶಕ್ತಿಮಾನ) ಶಕ್ತಿ, ಕೋಣೆಯ ಉಷ್ಣತೆಯಲ್ಲಿ ಲಭ್ಯವಿರುವ ಉಷ್ಣಶಕ್ತಿ 208ರಷ್ಟು. ಹಾಗಾಗಿ ಎರಡೂ ದಿಕ್ಕಿಗೆ ದಾರಿ ಸಲೀಸು. ಅಣುವಿನ ಎರಡು ಪರಮಾಣುಗಳೂ ಅಯೋಡಿನ್-127 ಆಗಿರುವುದರಿಂದ, ನ್ಯೂಕ್ಲಿಯಸ್‌ಗಳ ಸ್ಪಿನ್ ಸಮ್ಮಿತಿ ಕೆಡದಂತೆ ಡಿಕ್ಕಿಯಲ್ಲಿ ಜೆ ಸಮಸಂಖ್ಯೆಯಲ್ಲೇ ಬದಲಾಗುತ್ತದೆ: 126, 130, 124, 132. ಪ್ರತಿಯೊಂದೂ ತನ್ನದೇ ಜೋಡಿಯನ್ನು ಸೂಸುತ್ತದೆ. ಅಕ್ಕಪಕ್ಕದ ಉಪಗೆರೆಗಳ ನಡುವೆ 0.2 ನ್ಯಾನೋಮೀಟರ್ ಮಾತ್ರ ಇರುವುದರಿಂದ 0.1ಕ್ಕಿಂತ ಸೂಕ್ಷ್ಮವಾಗಿ ಬಿಡಿಸುವ ರೋಹಿತಮಾಪಕವೇ ಬೇಕು. 1911ರಲ್ಲೇ ಭೌತವಿಜ್ಞಾನಿಗಳಾದ ಫ್ರಾಂಕ್ ಮತ್ತು ವುಡ್ ಹೀಲಿಯಂ ಸೇರಿಸಿ, ಅಯೋಡಿನ್ನಿನ ಬಿಡಿ ಗೆರೆಗಳು ಪಟ್ಟೆಗಳಾಗುವುದನ್ನು ತೋರಿಸಿದ್ದರು.

ಅಳೆಯುವಾಗ ಒತ್ತಡವೇ ನಿರ್ಣಾಯಕ. ಕೋಶದ ಬಾಲವನ್ನು ಮಂಜುಗಡ್ಡೆಯಲ್ಲಿ ಅದ್ದಿದರೆ ಅಯೋಡಿನ್ ಒತ್ತಡ 0.03 ಟಾರ್‌ಗೆ (ಟಾರ್ ಒತ್ತಡದ ಮಾನ) ಇಳಿಯುತ್ತದೆ. 25 ಡಿಗ್ರಿಯಲ್ಲಿ ಅದು 0.3 ಟಾರ್, ಆಗ ಅಯೋಡಿನ್ ಅಣುಗಳೇ ಪರಸ್ಪರ ಬೆಳಕನ್ನು ನಂದಿಸುತ್ತವೆ. ಹೀಲಿಯಂ 0.05ರಿಂದ ಶುರುವಾಗಲಿ. 1 ಟಾರ್ ದಾಟಿದರೆ ಒಂದೇ ಅಣುವಿಗೆ ಹತ್ತಾರು ಡಿಕ್ಕಿಗಳಾಗಿ, ಮೊದಲ ಡಿಕ್ಕಿ ಏನು ಮಾಡಿತೆಂಬುದೇ ಅಳಿಸಿಹೋಗುತ್ತದೆ. ಉಪಗೆರೆ ಮತ್ತು ಮೂಲಗೆರೆಯ ತೀವ್ರತೆಯ ಅನುಪಾತವನ್ನು ಒತ್ತಡದೆದುರು ಗುರುತಿಸಿ. ಮೊದಲ ಭಾಗ ಸೊನ್ನೆಯಿಂದ ಹೊರಟ ನೇರ ಗೆರೆಯಾಗಿರಬೇಕು. ಹಾಗಿಲ್ಲದಿದ್ದರೆ ಹೀಲಿಯಂ ಇಲ್ಲದ ರೋಹಿತವನ್ನು ಮತ್ತೆ ನೋಡಿ: ಇದೇ ಲೇಸರ್ ಪಿ(33) ಗೆರೆಯನ್ನೂ (ಜೆ 33ರಿಂದ ಒಂದು ತಗ್ಗುವ ಹೀರಿಕೆ) ಕೆರಳಿಸುತ್ತದೆ. ಅದರ ಜೋಡಿಗಳನ್ನು ಡಿಕ್ಕಿಯ ಫಲವೆಂದು ಎಣಿಸುವುದು ಬಹಳ ಸುಲಭ. ನಲ್ಲಿಗಳು ಟೆಫ್ಲಾನಿನದಾಗಿರಲಿ, ಗ್ರೀಸನ್ನೂ ರಬ್ಬರನ್ನೂ ಅಯೋಡಿನ್ ತಿಂದುಹಾಕುತ್ತದೆ.

ಪ್ರಶ್ನೆ: ಹೀಲಿಯಂ ಬದಲು ಆರ್ಗಾನ್ ಹಾಕಬಹುದೇ?

ಉತ್ತರ: ಹಾಕಬಹುದು, ಫಲ ಬೇರೆ. ಆರ್ಗಾನ್ ನಿಧಾನವಾಗಿ ಚಲಿಸಿದರೂ ಭಾರದಿಂದಾಗಿ ಡಿಕ್ಕಿಗೆ ತರುವ ಸಂವೇಗ ಹೀಲಿಯಂನ ಸುಮಾರು ಮೂರು ಪಟ್ಟು. ಬಂಧದ ಅರ್ಧ ಉದ್ದವನ್ನು, ಅಂದರೆ 1.5 ಆಂಗ್‌ಸ್ಟ್ರಾಮ್ ಅನ್ನು, ಸನ್ನೆಯ ತೋಳೆಂದು ಹಿಡಿದರೆ ಹೀಲಿಯಂ ಹೊತ್ತು ತರುವ ಕೋನೀಯ ಸಂವೇಗ ಜೆಯ ಲೆಕ್ಕದಲ್ಲಿ 12 ಘಟಕ, ಆರ್ಗಾನಿನದು 35. ಆದ್ದರಿಂದ ಆರ್ಗಾನಿನಲ್ಲಿ ಉಪಗೆರೆಗಳು ಹೆಚ್ಚು ದೂರದವರೆಗೆ ಹರಡುತ್ತವೆ. ಆದರೆ ಅದು ಉದ್ರಿಕ್ತ ಅಣುವನ್ನು ಪರಮಾಣುಗಳಾಗಿ ಒಡೆದು ಬೆಳಕನ್ನು ಹೀಲಿಯಂಗಿಂತ ಬಲವಾಗಿ ನಂದಿಸುತ್ತದೆ. ಒತ್ತಡವನ್ನು ಇನ್ನೂ ಕೆಳಗಿಟ್ಟು, ಪ್ರತಿ ರೋಹಿತಕ್ಕೂ ಹೆಚ್ಚು ಹೊತ್ತು ಬೆಳಕು ಸಂಗ್ರಹಿಸಬೇಕಾಗುತ್ತದೆ.